ಮಳೆ, ಕಾಯಿಲೆ, ಸಾವು: ಕಷ್ಟದ ದಿನಗಳಲ್ಲಿ ಸಣ್ಣ ಮಕ್ಳನ್ನ ಸಂಭಾಳಿಸೋದು ಹೇಗೆ

ಪುಷ್ಯ ಮಳೆ ಹಿಡಿದ್ರೆ ನಮ್ ಮಲೆನಾಡು ಕಡೆ ಎಂತ ಆಗ್ತದೆ ಅಂತ ತೀರ್ಥಹಳ್ಳಿ, ಹೊಸನಗರ, ಸಾಗರದವ್ರಿಗೆ ಹೇಳಬೇಕಾಗಿಲ್ಲ. ಕರೆಂಟ್ ಹೋದ್ರೆ ಮೂರ್ನಾಲ್ಕು ದಿನ ಬರಲ್ಲ, ಡಿಸಿ ರಜೆ ಕೊಟ್ರು ಅಂತ ಬೆಳಿಗ್ಗೆನೇ ವಾಟ್ಸಾಪಲ್ಲಿ ಬರ್ತದೆ, ದೊಡ್ಡವ್ರಿಗೆ ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯೋಕೆ ಮಳೆ ಬಿಡ್ತಿಲ್ಲ ಅನ್ನೋ ಚಿಂತೆ, ಮನೆ ಪಕ್ಕದ ಧರೆ, ಅಂದ್ರೆ ಗುಡ್ಡದ ಮಣ್ಣು ಕುಸಿದ್ರೆ ಎಂತ ಮಾಡೋದು ಅನ್ನೋ ಚಿಂತೆ, ಇದ್ರ ಮಧ್ಯೆ ಮೂರು ವರ್ಷದ ಕೂಸು ಬೆಳಿಗ್ಗೆಯಿಂದ ರಚ್ಚೆ ಹಿಡಿದು ಕೂತಿರ್ತದೆ, ಮನೆಯವ್ರೆಲ್ಲ ಸೇರಿ ಅದಕ್ಕೆ ಬೈತಿರ್ತಾರೆ. ನಾನು ಸುಮಾರು ವರ್ಷದಿಂದ ಎಲ್‌ಕೆಜಿ ಯುಕೆಜಿ ಮಕ್ಳಿಗೆ ಪಾಠ ಮಾಡ್ಕೊಂಡು ಇದೀನಿ, ಪ್ರತಿ ಮಳೆಗಾಲದ ರಜೆ ಮುಗಿದ ಮೇಲೆ ಅಮ್ಮಂದಿರು ಗೇಟ್ ಹತ್ರ ನಿಂತು ಕೇಳೋ ಮಾತು ಒಂದೇ, "ಮಿಸ್, ಇವನು ಹಿಂಗಿರ್ಲಿಲ್ಲ, ಈಗ ಎಂತಕ್ಕೆ ಹಿಂಗಾಡ್ತಾನೆ?" ಅವ್ರಿಗೆ ಗೇಟ್ ಹತ್ರ ನಿಂತು ಪೂರ್ತಿ ಹೇಳೋಕೆ ಆಗಲ್ಲ, ಹಾಗಾಗಿ ಇಲ್ಲಿ ಬರೀತಿದೀನಿ. ಇದು ಎರಡರಿಂದ ಆರು ವರ್ಷದೊಳಗಿನ ಮಕ್ಳ ಬಗ್ಗೆ.

ಒಂದು ಮಾತು ಮೊದ್ಲೇ ಹೇಳ್ತೀನಿ. ಮನೇಲಿ ಏನೋ ಸರಿ ಇಲ್ಲ ಅಂತ ಗೊತ್ತಾದಾಗ ಸಣ್ಣ ಮಗುಗೆ ಇರೋದು ಎರಡೇ ಪ್ರಶ್ನೆ: ನೀನು ನನ್ ಜೊತೆ ಇರ್ತೀಯಾ, ನಾಳೆ ಊಟ ನಿದ್ರೆ ಎಲ್ಲ ಇವತ್ತಿನ ಹಾಗೇ ನಡೀತದಾ. ಅದಕ್ಕೆ ಬಾಯಲ್ಲಿ ಕೇಳೋಕೆ ಬರಲ್ಲ, ಅತ್ತು ಕಚ್ಚಿ ಒದ್ದು ಕೇಳ್ತದೆ. ಕೆಳಗೆ ಹೇಳೋದೆಲ್ಲ ಆ ಎರಡು ಪ್ರಶ್ನೆಗೆ ಉತ್ತರ ಕೊಡೋ ದಾರಿ ಅಷ್ಟೇ.

1. ಹಠ ಅನ್ನೋ ಮುಂಚೆ ನೋಡಿ

ಹೆದ್ರಿಕೆ ಆದ್ರೆ ನಾವು ಹೆದ್ರಿಕೆ ಆಗ್ತಿದೆ ಅಂತೀವಿ, ಮೂರು ವರ್ಷದ ಮಗುಗೆ ಆ ಮಾತು ಇನ್ನೂ ಕೈಗೆ ಸಿಕ್ಕಿರಲ್ಲ. ಅದು ಮೈಯಲ್ಲಿ ತೋರಿಸ್ತದೆ. ನಿಂತು ಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರು ಆಗ್ತದೆ, ಬೆರಳು ಚೀಪೋದು, ತಾನೇ ಉಣ್ತಿದ್ದ ಮಗು ತುತ್ತು ಮಾಡಿ ಕೊಡು ಅನ್ನೋದು, ನೀವು ಬಚ್ಚಲಿಗೆ ಹೋದ್ರೂ ಬಾಗಿಲ ಹೊರಗೆ ಕೂತು ಅಳೋದು, ಊಟದ ಹೊತ್ತಿಗೆ ಹೊಟ್ಟೆ ನೋವು, ಸುಮ್ಮನೆ ಕೂತಿದ್ದ ತಂಗಿಗೆ ಹೊಡೆಯೋದು. ಒಂದು ಮೆಟ್ಟಿಲು ಕೆಳಗೆ ಇಳಿದ ಹಾಗೆ ಕಾಣ್ತದೆ, ಅದು ತಾತ್ಕಾಲಿಕ. "ಇಷ್ಟು ದೊಡ್ಡೋನಾಗಿ ನಾಚಿಕೆ ಆಗಲ್ವಾ" ಅಂದ್ರೆ ಹೆದ್ರಿಕೆ ಜೊತೆ ಅವಮಾನನೂ ಸೇರ್ತದೆ, ಒದ್ದೆ ನಿಲ್ಲಲ್ಲ. ಚಾಪೆ ಬದ್ಲಿಸಿ, ಮಳೆಗಾಲದಲ್ಲಿ ಬಟ್ಟೆ ಒಣಗಿಸೋ ಕಷ್ಟ ನಂಗೂ ಗೊತ್ತು, ಅಡಿಯಲ್ಲಿ ಒಂದು ಪ್ಲಾಸ್ಟಿಕ್ ಶೀಟ್ ಹಾಕಿ, ಮಾತಿಲ್ಲದೆ ಮುಗಿಸಿ.

ಇನ್ನು ಕೆಲವು ಮಕ್ಳು ಉಲ್ಟಾ. ಗಲಾಟೆನೇ ಇಲ್ಲ, ಮೂಲೇಲಿ ಕೂತಿರ್ತವೆ, ಕರೆದ್ರೂ ತಿರುಗಲ್ಲ, ಆಟದ ಸಾಮಾನು ಮುಟ್ಟಲ್ಲ. "ಪಾಪ, ಎಷ್ಟು ಒಳ್ಳೆ ಮಗು, ಒಂಚೂರೂ ತ್ರಾಸು ಕೊಡಲ್ಲ" ಅಂತ ನಾವು ಬಿಟ್ಟುಬಿಡ್ತೀವಿ. ನಂಗೆ ಗಲಾಟೆ ಮಾಡೋ ಮಗುಗಿಂತ ಈ ಮಗು ಬಗ್ಗೆನೇ ಜಾಸ್ತಿ ಚಿಂತೆ.

ಒಂದು ವಾರ ಒಂದು ಹಾಳೇಲಿ ಬರೆದಿಡಿ, ಯಾವಾಗ ಅತ್ತಿತು, ಅದಕ್ಕೂ ಮುಂಚೆ ಎಂತ ನಡೀತು, ಹಸಿದಿತ್ತಾ, ಮಧ್ಯಾಹ್ನ ಮಲಗಿತ್ತಾ. ಬರೆದು ನೋಡಿದ್ರೆ ಗೊತ್ತಾಗ್ತದೆ, ದಿನಾ ಸಂಜೆ ಕರೆಂಟ್ ಹೋದ ತಕ್ಷಣ, ಇಲ್ಲಾ ಅಪ್ಪ ಬೈಕ್ ಸ್ಟಾರ್ಟ್ ಮಾಡಿದ ತಕ್ಷಣ ಶುರು ಆಗ್ತಿರ್ತದೆ. ಜ್ವರ, ಕಿವಿ ನೋವು, ಹೊಟ್ಟೆಹುಳ ಏನಾದ್ರೂ ಇದ್ಯಾ ಅಂತನೂ ಮೊದ್ಲೇ ನೋಡ್ಕೊಳ್ಳಿ. ನಿದ್ರೆ ಬಗ್ಗೆ ಹೇಳೋದಾದ್ರೆ ಮೂರು ನಾಲ್ಕು ವರ್ಷದ ಮಗುಗೆ ದಿನಕ್ಕೆ 10ರಿಂದ 13 ಗಂಟೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತದೆ, ಹಗಲು ಮಲಗೋದೂ ಸೇರಿ. ಎಷ್ಟೋ ರಚ್ಚೆ ಬರೀ ನಿದ್ರೆ ಸಾಲದೆ ಬಂದಿರೋದು.

2. ಜಗಲಿ ಮಾತು ಮತ್ತೆ ಟಿವಿ

ಮಗು ಆಟ ಆಡ್ತಿದೆ, ಅದಕ್ಕೆಂತ ಅರ್ಥ ಆಗ್ತದೆ ಅಂದ್ಕೊಂಡು ಜಗಲೀಲಿ ಕೂತು ಸೊಸೈಟಿ ಸಾಲ, ಅಡಿಕೆ ಎಲೆಚುಕ್ಕೆ ರೋಗ, ಯಾರದೋ ಮನೆ ಗೋಡೆ ಬಿದ್ದಿದ್ದು ಎಲ್ಲ ಮಾತಾಡ್ತೀವಿ. ಪದ ಅರ್ಥ ಆಗದೆ ಇದ್ರೂ ದನಿ ಅರ್ಥ ಆಗ್ತದೆ, ಅಜ್ಜ ಯಾಕೆ ಪಿಸುಗುಟ್ಟಿದ್ರು, ಅಮ್ಮ ಯಾಕೆ ಸೆರಗಲ್ಲಿ ಕಣ್ಣು ಒರೆಸ್ಕೊಂಡ್ಳು ಅಂತ ಪೂರ್ತಿ ನೋಡಿರ್ತದೆ, ಅರ್ಧ ಕೇಳಿದ್ದಕ್ಕೆ ಉಳಿದರ್ಧ ತಾನೇ ಕಟ್ಕೊಳ್ತದೆ, ಹಾಗೆ ಕಟ್ಕೊಂಡಿದ್ದು ಯಾವಾಗ್ಲೂ ನಿಜಕ್ಕಿಂತ ದೊಡ್ಡದಾಗಿರ್ತದೆ. ದುಡ್ಡಿನ ಮಾತು, ಸಾವಿನ ಮಾತು ಮಗು ಮಲಗಿದ ಮೇಲೆ ಇಟ್ಕೊಳ್ಳಿ.

ಟಿವಿ, ಮೊಬೈಲ್ ವಿಡಿಯೋ ಇನ್ನೂ ಜಾಸ್ತಿ. 2019ರ ಆಗಸ್ಟಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ಕುಂಬಾರಗುಂಡಿ ಕಡೆ ಮನೆಗಳಿಗೆ ನೀರು ನುಗ್ಗಿದಾಗ ಕೋರ್ಪಲಯ್ಯನ ಛತ್ರದ ಹತ್ರ ಮಂಟಪ ಮುಳುಗಿದ ವಿಡಿಯೋ ಎಲ್ಲರ ಫೋನಲ್ಲೂ ಓಡ್ತಿತ್ತು. ನಮಗದು ಒಂದೇ ನೆರೆ. ಸಣ್ಣ ಮಗುಗೆ ಒಂದೇ ದೃಶ್ಯ ಹತ್ತು ಸಲ ಬಂದ್ರೆ ಹತ್ತು ಸಲ ನೀರು ನುಗ್ಗಿದ ಹಾಗೆ, ಹತ್ತು ಸಲ ಗುಡ್ಡ ಕುಸಿದ ಹಾಗೆ, ಅದೂ ತನ್ನ ಮನೆ ಪಕ್ಕದಲ್ಲೇ. ಸುದ್ದಿ ನೋಡೋದಿದ್ರೆ ಮಗು ಇಲ್ಲದಾಗ ನೋಡಿ.

3. ನಿಜ ಹೇಳಿ, ಚಿಕ್ಕದಾಗಿ ಹೇಳಿ

ಎಂತ ಆಯ್ತು, ದೊಡ್ಡವ್ರು ಎಂತ ಮಾಡ್ತಿದಾರೆ, ನೀನು ಎಲ್ಲಿರ್ತೀಯ, ಈ ಮೂರು ಹೇಳಿದ್ರೆ ಸಾಕು. "ಜೋರು ಮಳೆ ಬಂದು ಧರೆ ಜರಿದಿದೆ ಪುಟ್ಟಿ. ಅಪ್ಪ, ಚಿಕ್ಕಪ್ಪ ಮಣ್ಣು ತೆಗೀತಿದಾರೆ. ಇವತ್ತು ನಾವು ಅತ್ತೆ ಮನೇಲಿ ಮಲಗ್ತೀವಿ, ನಾನು ನಿನ್ ಪಕ್ಕದಲ್ಲೇ ಇರ್ತೀನಿ, ನಿನ್ ಕಂಬಳಿನೂ ತರ್ತೀನಿ." ಇಷ್ಟೇ. ಮತ್ತೆ ಕೇಳಿದ್ರೆ ಇದನ್ನೇ ಮತ್ತೆ ಹೇಳಿ, ಮಕ್ಳು ಒಂದೇ ಪ್ರಶ್ನೆ ಸಾವಿರ ಸಲ ಕೇಳ್ತಾವೆ, ಉತ್ತರ ಬದ್ಲಾಗಿಲ್ಲ ತಾನೆ ಅಂತ ನೋಡೋಕೆ.

ನಮಗೇ ಗೊತ್ತಿಲ್ಲದಿದ್ರೆ? 2021ರ ಜನವರಿ 21ರ ರಾತ್ರಿ ಶಿವಮೊಗ್ಗ ಹತ್ರದ ಹುಣಸೋಡಲ್ಲಿ ಕಲ್ಲು ಕ್ವಾರಿ ಹತ್ರ ಸ್ಫೋಟಕ ಸಿಡಿದಾಗ ಭೂಕಂಪ ಅಂದ್ಕೊಂಡು ಶಿವಮೊಗ್ಗದಲ್ಲಿ ಎಷ್ಟೋ ಜನ ಮಕ್ಳನ್ನ ಎತ್ಕೊಂಡು ರಸ್ತೆಗೆ ಬಂದಿದ್ರು, ಆ ಹೊತ್ತಿಗೆ ದೊಡ್ಡವ್ರಿಗೂ ಎಂತ ಅಂತ ಗೊತ್ತಿರ್ಲಿಲ್ಲ. ಅಂಥ ಹೊತ್ತಲ್ಲಿ "ಏನಿಲ್ಲ, ಏನೂ ಆಗಿಲ್ಲ" ಅನ್ನಬೇಡಿ, ಅಷ್ಟು ದೊಡ್ಡ ಸದ್ದು ಕೇಳಿರೋ ಮಗು ಅದನ್ನ ನಂಬಲ್ಲ, ಮುಂದಿನ ಸಲ ನಿಮ್ಮ ಮಾತನ್ನೂ ನಂಬಲ್ಲ. "ದೊಡ್ಡ ಸದ್ದು ಬಂತು, ಎಂತ ಅಂತ ಇನ್ನೂ ಗೊತ್ತಿಲ್ಲ, ತಿಳ್ಕೊಂಡು ಹೇಳ್ತೀನಿ, ಅಲ್ಲೀತನಕ ನಾನು ಹಿಡ್ಕೊಂಡಿರ್ತೀನಿ." ಹೀಗೇ "ಇನ್ಮೇಲೆ ಯಾವತ್ತೂ ಗುಡುಗಲ್ಲ" ಅಂತ ನಮ್ಮ ಕೈಲಿಲ್ಲದ ಮಾತು ಕೊಡಬೇಡಿ.

ಈ ವಯಸ್ಸಿನ ಮಕ್ಳಿಗೆ ಇನ್ನೊಂದು ಯೋಚನೆ ಇರ್ತದೆ, ದೊಡ್ಡವ್ರಿಗೆ ಹೊಳೆಯೋದೇ ಇಲ್ಲ. ತಾನು ಅಂದ್ಕೊಂಡಿದ್ದರಿಂದನೇ ಎಲ್ಲ ಆಯ್ತು ಅಂತ. ಅಪ್ಪನ ಮೇಲೆ ಸಿಟ್ಟು ಮಾಡ್ಕೊಂಡೆ, ಅದಕ್ಕೇ ಅಪ್ಪಂಗೆ ಹುಷಾರು ತಪ್ಪಿತು ಅಂತ ಐದು ವರ್ಷದ ಮಗು ಒಳಗೊಳಗೇ ನಂಬಿರ್ತದೆ. ಅದು ಕೇಳ್ಲಿ ಬಿಡ್ಲಿ, ನೀವಾಗೇ ಹೇಳಿ: "ಇದು ನಿನ್ನಿಂದ ಆಗಿದ್ದಲ್ಲ ಮಗಾ."

4. ದಿನಕ್ಕೆ ಮೂರು ಗೂಟ

ಕಷ್ಟದ ದಿನದಲ್ಲಿ ಪೂರ್ತಿ ಟೈಮ್‌ಟೇಬಲ್ ಯಾರಿಗೂ ಆಗಲ್ಲ. ಮೂರು ಕೆಲ್ಸ ಮಾತ್ರ ಅದೇ ಹೊತ್ತಿಗೆ ಅದೇ ಥರ ಆಗ್ಲಿ, ಬೆಳಿಗ್ಗೆ ಎದ್ದ ತಕ್ಷಣದ್ದು, ಸಂಜೆ ಸ್ನಾನ, ರಾತ್ರಿ ಮಲಗೋದು. ನಮ್ ಕಡೆ ಬಚ್ಚಲು ಒಲೆಗೆ ಬೆಂಕಿ ಹಾಕಿ ಹಂಡೇಲಿ ನೀರು ಕಾಯಿಸೋದು ಹೇಗೂ ಇದ್ದೇ ಇದೆ, ಬಿಸಿ ನೀರು ಹೊಯ್ದು, ಮೈ ಒರೆಸಿ, ಕಂಬಳೀಲಿ ಸುತ್ತಿ ಒಂದು ಕತೆ ಹೇಳಿದ್ರೆ ಆ ಮಗುಗೆ ಗುಡುಗಿದ್ರೂ ಸ್ವಲ್ಪ ಧೈರ್ಯ ಇರ್ತದೆ. ಕತೆ ದಿನಾ ಅದೇ ಆದ್ರೂ ಪರ್ವಾಗಿಲ್ಲ, ಅದೇ ಕತೆನೇ ಅವಕ್ಕೆ ಬೇಕು. ಮನೆ ಬಿಟ್ಟು ಸರ್ಕಾರ ತೆರೆಯೋ ಕಾಳಜಿ ಕೇಂದ್ರಕ್ಕೋ ನೆಂಟರ ಮನೆಗೋ ಹೋಗಬೇಕಾದ್ರೆ ಆಧಾರ್, ಪಹಣಿ ಜೊತೆ ಮಗು ಹಿಡ್ಕೊಂಡು ಮಲಗೋ ಬಟ್ಟೆ ಇಲ್ಲಾ ಗೊಂಬೆನೂ ಚೀಲಕ್ಕೆ ಹಾಕಿ.

ಕೆಲ್ಸ ಕೊಡಿ. ಹಲಸಿನ ಬೀಜ ಬೇರೆ ಮಾಡು, ಟವೆಲ್ ಮಡಿಸು, ಕರೆಂಟ್ ಹೋದಾಗ ಟಾರ್ಚ್ ಹಿಡಿಯೋ ಜವಾಬ್ದಾರಿ ನಿಂದು ಅಂತ. ಟಾರ್ಚ್ ಕೈಲಿದ್ರೆ ಕತ್ತಲೆ ಹೆದ್ರಿಕೆ ಅರ್ಧ ಇಳೀತದೆ. ಮತ್ತೆ ಮೈ ದಣಿಯಬೇಕು, ಒಂದು ವಾರ ಮನೆಯೊಳಗೇ ಕೂತ ಮಗು ಸಂಜೆ ಗಲಾಟೆ ಮಾಡದೆ ಇನ್ನೆಂತ ಮಾಡ್ತದೆ, ಜಗಲೀಲಿ ಕುಂಟಾಬಿಲ್ಲೆ ಆಡ್ಸಿ, ಮಳೆ ಹೊಳವಾದಾಗ ಅಂಗಳದಲ್ಲಿ ನೀರು ತುಳಿಯೋಕೆ ಬಿಡಿ. ಮೊಬೈಲ್ ಎರಡು ವರ್ಷದೊಳಗಿನ ಮಕ್ಳಿಗೆ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷಕ್ಕೆ ದಿನಕ್ಕೆ 1 ಗಂಟೆಗಿಂತ ಜಾಸ್ತಿ ಬೇಡ ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ 2019ರ ಸಲಹೆ. ಕಷ್ಟದ ದಿನ ಸ್ವಲ್ಪ ಹೆಚ್ಚು ಕಮ್ಮಿ ಆಗ್ತದೆ, ಆದ್ರೆ ಅಳು ನಿಲ್ಲಿಸೋಕೆ ಅಂತ ಮಾತ್ರ ಕೊಡಬೇಡಿ, ಆಮೇಲೆ ಅಳೋದೇ ಮೊಬೈಲ್ ಕೇಳೋ ದಾರಿ ಆಗ್ತದೆ.

5. ರಚ್ಚೆ ಹಿಡಿದ ಆ ಹತ್ತು ನಿಮಿಷ

ಎಲ್ಲರೂ ಕೇಳೋದು ಇದನ್ನೇ. ಮಗು ನೆಲಕ್ಕೆ ಬಿದ್ದು ಕೈಕಾಲು ಬಡೀತಿದೆ, ಅತ್ತೆ ಒಂದು ಹೇಳ್ತಾರೆ ಗಂಡ ಒಂದು ಹೇಳ್ತಾರೆ, ಒಲೆ ಮೇಲೆ ಹಾಲು ಉಕ್ತಿದೆ. ಎಂತ ಮಾಡೋದು?

ಮೊದ್ಲು ಒಲೆ ಆರಿಸಿ. ನಿಜವಾಗ್ಲೂ ಹೇಳ್ತಿದೀನಿ, ಅರ್ಧ ಗಮನ ಹಾಲಿನ ಮೇಲಿದ್ರೆ ನಿಮಗೆ ಸಿಟ್ಟು ಬಂದೇ ಬರ್ತದೆ. ಒಂದು ಸಲ ಉಸಿರು ಪೂರ್ತಿ ಹೊರಗೆ ಬಿಡಿ. ಆಮೇಲೆ ಮಗುವಿನ ಎತ್ತರಕ್ಕೆ ನೆಲದ ಮೇಲೆ ಕೂತ್ಕೊಳ್ಳಿ. ಒಬ್ಬರು ಮಾತ್ರ, ಉಳಿದವ್ರು ಆಚೆ ಹೋಗ್ಲಿ, ನಾಲ್ಕು ಜನ ಸುತ್ತ ನಿಂತು ಸಮಾಧಾನ ಮಾಡಿದ್ರೆ ಬೆಂಕಿಗೆ ತುಪ್ಪ ಹೊಯ್ದ ಹಾಗೇ. ಮಾತು ಕಮ್ಮಿ, ದನಿ ತಗ್ಗಿರ್ಲಿ. "ಸಿಟ್ಟು ಬಂದಿದೆ. ಹೊರಗೆ ಹೋಗಬೇಕಿತ್ತು, ಮಳೆ ಬಂತು." ಮಗು ಮನಸ್ಸಲ್ಲಿ ಇರೋದಕ್ಕೆ ಒಂದು ಹೆಸರು ಕೊಟ್ಟು ಸುಮ್ಮನಾಗಿ. ಹತ್ರ ಬಂದ್ರೆ ತಬ್ಕೊಳ್ಳಿ, ದೂರ ತಳ್ಳಿದ್ರೆ ಕೈಗೆಟುಕೋ ದೂರದಲ್ಲಿ ಕೂತಿರಿ, ಎದ್ದು ಹೋಗಬೇಡಿ.

ಹೊಡೀತಿದ್ರೆ ಕೈ ಹಿಡಿದು ತಡೀರಿ, ಮೆತ್ತಗೆ ಆದ್ರೆ ಗಟ್ಟಿಯಾಗಿ: "ಸಿಟ್ಟು ಬರ್ಲಿ, ತಂಗಿಗೆ ಹೊಡೆಯೋಕೆ ನಾನು ಬಿಡಲ್ಲ." ಸಿಟ್ಟು ತಪ್ಪಲ್ಲ, ಹೊಡೆಯೋದು ತಪ್ಪು, ಎರಡೂ ಬೇರೆ ಬೇರೆ ಅಂತ ಮಗುಗೆ ಗೊತ್ತಾಗೋದು ಹೀಗೇ. ಕೇಳಿದ್ದನ್ನ ಕೊಡಬೇಕಾ? ಕೊಡಬಾರದು ಅಂತ ಮೊದ್ಲೇ ಹೇಳಿದ್ರೆ ಈಗ ಅತ್ತಿದ್ದಕ್ಕೆ ಕೊಡಬೇಡಿ. ಪ್ರೀತಿ ಕೊಡಿ, ಚಾಕ್ಲೇಟ್ ಬೇಡ.

ಆ ಹೊತ್ತಲ್ಲಿ ಬುದ್ಧಿ ಹೇಳಬೇಡಿ, ಒಳಗೆ ಇಳಿಯಲ್ಲ. ಅಳು ಇಳಿದ ಮೇಲೆ ನೀರು ಕೊಡಿ, ಮುಖ ತೊಳೀರಿ, ಆಮೇಲೆ ಎರಡೇ ಮಾತು, "ಮುಂದಿನ ಸಲ ಸಿಟ್ಟು ಬಂದ್ರೆ ನನ್ ಹತ್ರ ಓಡಿ ಬಾ, ದಿಂಬಿಗೆ ಗುದ್ದು." ಮಗು ಖುಷಿಯಾಗಿರೋ ಹೊತ್ತಲ್ಲಿ ಒಂದು ಆಟ ಹೇಳ್ಕೊಡಿ, ಅಜ್ಜಿ ಒಲೆ ಊದೋ ಊದುಗೊಳವೆ ಇದ್ಯಲ್ಲ, ಅದು ಕೈಲಿದೆ ಅಂದ್ಕೊಂಡು ಮೂಗಿಂದ ಉಸಿರು ತಗೊಂಡು ಬಾಯಿಂದ ಉದ್ದಕ್ಕೆ ಊದೋದು, ಹೊಟ್ಟೆ ಮೇಲೆ ಕೈ ಇಟ್ಕೊಂಡು ಐದು ಸಲ. ನಮ್ ಕ್ಲಾಸಲ್ಲಿ ದಿನಾ ಪ್ರಾರ್ಥನೆ ಆದ ಮೇಲೆ ಊದ್ತೀವಿ, ಹಾಗಾಗಿ ಗುಡುಗು ಬಂದಾಗ ಮಕ್ಳಿಗೆ ಅದು ತಾನಾಗೇ ನೆನಪಾಗ್ತದೆ. ಹೊಸದಾಗಿ ಅಳುವಾಗ ಕಲಿಸೋಕೆ ಹೋದ್ರೆ ಆಗಲ್ಲ.

ಮತ್ತೆ ಎರಡರಲ್ಲಿ ಒಂದು ಆರಿಸೋಕೆ ಬಿಡಿ. ಕೆಂಪು ಸ್ವೆಟರ್ರಾ ನೀಲಿನಾ, ಗಂಜಿಗೆ ಉಪ್ಪಿನಕಾಯಾ ತುಪ್ಪನಾ. ಯಾವುದೂ ತನ್ನ ಕೈಲಿಲ್ಲ ಅನ್ನೋ ದಿನಗಳಲ್ಲಿ ಅಷ್ಟು ಸಣ್ಣದೂ ಮಗುಗೆ ದೊಡ್ಡದು.

ಬೇಡದ್ದನ್ನೂ ಹೇಳಿಬಿಡ್ತೀನಿ. ಗುಮ್ಮ ಬರ್ತದೆ, ಪೊಲೀಸ್ ಹಿಡ್ಕೊಂಡು ಹೋಗ್ತಾನೆ, ಡಾಕ್ಟ್ರಿಗೆ ಹೇಳಿ ಇಂಜೆಕ್ಷನ್ ಕೊಡಿಸ್ತೀನಿ, ನಿನ್ನ ಬಿಟ್ಟು ಹೋಗ್ತೀನಿ. ಇದರಲ್ಲಿ ಕೊನೇದು ಎಲ್ಲಕ್ಕಿಂತ ಕೆಟ್ಟದ್ದು, ಮಗು ಹೆದ್ರಿರೋದೇ ಅದಕ್ಕೆ. ಪೊಲೀಸ್, ಡಾಕ್ಟ್ರು ನಾಳೆ ನೆರೆ ಬಂದಾಗ ಎತ್ಕೊಳ್ಳೋಕೆ ಬರೋರು, ಅವ್ರನ್ನ ಕಂಡ್ರೆ ಓಡಿ ಹೋಗೋ ಹಾಗೆ ಮಾಡಬಾರದು. ಹೊಡೆಯೋದಂತೂ ಬೇಡ, ಹೊಡೆದ್ರೆ ಆ ನಿಮಿಷ ಸುಮ್ಮನಾಗ್ತದೆ ನಿಜ, ಹೆದ್ರಿಕೆಯಿಂದ. ದೊಡ್ಡವ್ರು ಸಿಟ್ಟು ಬಂದ್ರೆ ಹೊಡೀತಾರೆ, ನಾನೂ ಹೊಡೀಬಹುದು ಅಂತ ಕಲೀತದೆ.

ಅಜ್ಜಿ ದೃಷ್ಟಿ ತೆಗೀತೀನಿ ಅಂದ್ರೆ ಜಗಳ ಮಾಡಬೇಡಿ, ಅಜ್ಜಿ ಮಡಿಲಲ್ಲಿ ಕೂರಿಸ್ಕೊಂಡು ತಲೆ ನೇವರಿಸ್ತಾರೆ, ಅದು ಒಳ್ಳೇದೇ. ಜ್ವರ ಇದ್ರೆ ಮಾತ್ರ ದೃಷ್ಟಿ ಜೊತೆ ಆಸ್ಪತ್ರೆನೂ ಅವತ್ತೇ.

6. ಅಪ್ಪನೋ ಅಮ್ಮನೋ ಆಸ್ಪತ್ರೆ ಸೇರಿದಾಗ

ಮಲೆನಾಡಲ್ಲಿ ಜೋರು ಕಾಯಿಲೆ ಅಂದ್ರೆ ಮಣಿಪಾಲ ಇಲ್ಲಾ ಶಿವಮೊಗ್ಗ, ಎರಡೂ ದೂರ, ಹೋದವ್ರು ವಾರಗಟ್ಟಲೆ ಬರಲ್ಲ. ಕಾಡಿನ ಉಣ್ಣೆ ಕಚ್ಚಿ ಬರೋ ಜ್ವರ, ಮಂಗನ ಕಾಯಿಲೆ, ಬಂದ ಊರಿನವ್ರಿಗೆ ಇದು ಚೆನ್ನಾಗಿ ಗೊತ್ತು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮೊದ್ಲು ಗೊತ್ತಾದ ಕಾಯಿಲೆ, 2019ರಲ್ಲಿ ಸಾಗರದ ಅರಳಗೋಡು ಭಾಗದಲ್ಲಿ ಎಷ್ಟೋ ಮನೆಗಳಲ್ಲಿ ಒಬ್ಬರಾದ ಮೇಲೆ ಒಬ್ಬರು ಆಸ್ಪತ್ರೆ ಸೇರಿದ್ರು. ಅಂಥ ಮನೆ ಮಗು ಬೆಳಿಗ್ಗೆ ಎದ್ದು ನೋಡಿದ್ರೆ ಅಮ್ಮ ಇಲ್ಲ.

ಮಲಗಿದ್ದಾಗ ಕದ್ದು ಹೋಗಬೇಡಿ, ಎಷ್ಟೇ ಅವಸರ ಇರ್ಲಿ. ಎಬ್ಬಿಸಿ ಹೇಳಿ ಹೋಗಿ, ಅಳ್ತದೆ, ಅಳ್ಲಿ. ಹೇಳದೆ ಹೋದ್ರೆ ಆಮೇಲೆ ಮಗು ಮಲಗೋಕೇ ಹೆದರ್ತದೆ, ಕಣ್ಣು ಮುಚ್ಚಿದ್ರೆ ಯಾರೋ ಹೋಗಿಬಿಡ್ತಾರೆ ಅಂತ. ಅಮ್ಮನ ಹಳೆ ಸೀರೆ ತುಂಡೊಂದು ಹಾಸಿಗೇಲಿ ಇಡಿ, ಆ ವಾಸನೆ ಮಗುಗೆ ಬೇಕು. ದಿನಾ ಒಂದೇ ಹೊತ್ತಿಗೆ ಫೋನ್ ಬರ್ಲಿ, ನೆಟ್‌ವರ್ಕ್ ಸಿಗೋದು ಗುಡ್ಡದ ಮೇಲೆ ಮಾತ್ರ ಅಂದ್ರೆ ಅಲ್ಲಿಗೇ ಕರ್ಕೊಂಡು ಹೋಗಿ, ಇಲ್ಲಾಂದ್ರೆ ಅಮ್ಮ ದನಿ ರೆಕಾರ್ಡ್ ಮಾಡಿ ಕಳಿಸ್ಲಿ. ಮಗುನ ನೋಡ್ಕೊಳ್ಳೋರು ಒಬ್ಬರೇ ಆದ್ರೆ ಒಳ್ಳೇದು, ಇವತ್ತು ಅತ್ತೆ ಮನೆ ನಾಳೆ ದೊಡ್ಡಮ್ಮನ ಮನೆ ಅಂತ ತಿರುಗಿಸಬೇಡಿ.

ಗುಣ ಆಗಿ ಬಂದ ಅಮ್ಮನ ಹತ್ರ ಮಗು ಓಡಿ ಬರದೇ ಇರಬಹುದು, ಮುಖ ತಿರುಗಿಸ್ಕೊಂಡು ಅಜ್ಜಿ ಹಿಂದೆ ನಿಲ್ಲಬಹುದು. ಅಮ್ಮಂದಿರಿಗೆ ಇದು ಎದೆ ಒಡೆದ ಹಾಗಾಗ್ತದೆ. ಮರೆತಿದ್ದಕ್ಕಲ್ಲ, ಬಿಟ್ಟು ಹೋಗಿದ್ದಕ್ಕೆ ಸಿಟ್ಟು. ಎಳೆದು ಎತ್ಕೊಳ್ಳಬೇಡಿ, ಪಕ್ಕದಲ್ಲಿ ಕೂತು ಸುಮ್ಮನೆ ಬಟಾಣಿ ಸುಲೀರಿ, ತಾನಾಗೇ ಬರ್ತದೆ.

7. ಮನೇಲಿ ಸಾವಾದಾಗ

"ಅಜ್ಜ ಮಲಗಿದಾರೆ" ಅನ್ನಬೇಡಿ, ಆಮೇಲೆ ಮಗು ಮಲಗಲ್ಲ. "ಬೆಂಗಳೂರಿಗೆ ಹೋಗಿದಾರೆ" ಅನ್ನಬೇಡಿ, ದಿನಾ ಬಸ್ ಸ್ಟಾಪ್ ನೋಡ್ತಾ ಕೂರ್ತದೆ. "ದೇವ್ರು ಕರ್ಕೊಂಡ" ಅಂದ್ರೆ ದೇವ್ರ ಕೋಣೆ ಕಂಡ್ರೆ ಹೆದರೋ ಮಕ್ಳೂ ಇರ್ತಾರೆ. "ಅಜ್ಜ ತೀರ್ಕೊಂಡ್ರು. ಅವ್ರ ಮೈ ಕೆಲ್ಸ ಮಾಡೋದು ನಿಂತು ಹೋಯ್ತು. ಇನ್ನು ಉಸಿರಾಡಲ್ಲ, ನೋವಾಗಲ್ಲ, ವಾಪಸ್ ಬರಲ್ಲ." ಕೇಳೋಕೆ ಕಠಿಣ, ಮಗುಗೆ ಮಾತ್ರ ಇದೇ ಸ್ಪಷ್ಟ. ಐದು ವರ್ಷದೊಳಗೆ ಸಾವು ಅಂದ್ರೆ ವಾಪಸ್ ಬರದೇ ಇರೋದು ಅಂತ ಪೂರ್ತಿ ಅರ್ಥ ಆಗಲ್ಲ, ಇವತ್ತು ಹೂಂ ಅಂದು ನಾಳೆ ಅಜ್ಜನಿಗೂ ತಟ್ಟೆ ಇಡು ಅಂತದೆ. ಮತ್ತೆ ಅದನ್ನೇ ಹೇಳಿ. ಈಗ ಅತ್ತು ಐದು ನಿಮಿಷಕ್ಕೆ ನಗ್ತಾ ಆಟ ಆಡಿದ್ರೆ ದುಃಖ ಇಲ್ಲ ಅಂತಲ್ಲ, ಅವು ದುಃಖನ ಸ್ವಲ್ಪ ಸ್ವಲ್ಪವೇ ತಡ್ಕೊಳ್ತವೆ.

ಮನೆ ತುಂಬ ಜನ ಇರೋ ಆ ದಿನ ಮಗು ಜೊತೆಗೇ ಇರೋಕೆ ಒಬ್ಬರನ್ನ ನೇಮಿಸಿ, ಮಗುಗೆ ಗೊತ್ತಿರೋ ಜೀವ ಆಗಿರ್ಲಿ. ಮುಖ ನೋಡ್ತೀನಿ ಅಂದ್ರೆ ಆ ಒಬ್ಬರು ಎಂತ ಕಾಣ್ತದೆ ಅಂತ ಮೊದ್ಲೇ ಹೇಳಿ ಎತ್ಕೊಂಡು ಹೋಗಿ ತೋರಿಸ್ಲಿ, ಬೇಡ ಅಂದ್ರೆ ಕಾಲು ಮುಟ್ಟು ಅಂತ ಎಳೀಬೇಡಿ. ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೊರಟ ಮೇಲೆ ಮನೆ ಬಿಕೋ ಅಂತದೆ, ಮಗುವಿನ ರಚ್ಚೆ ಹೆಚ್ಚಾಗಿ ಆಗ್ಲೇ ಶುರು ಆಗೋದು. ನೀವೇ ಅತ್ತು ಸುಸ್ತಾಗಿರ್ತೀರಿ. ಮಗು ಮುಂದೆ ಅಳಬಹುದು, "ಅಜ್ಜನ ನೆನಪಾಗಿ ಅಳು ಬಂತು, ಆಮೇಲೆ ಸರಿ ಹೋಗ್ತದೆ" ಅಂತ ಒಂದು ಮಾತು ಸೇರಿಸಿ.

8. ಆಟದಲ್ಲಿ ಹೇಳೋದನ್ನ ಕೇಳಿ

ಮಳೆಗೆ ಮನೆ ಬೀಳೋ ಆಟ, ಗೊಂಬೆಗೆ ಇಂಜೆಕ್ಷನ್ ಕೊಡೋ ಆಟ, ಚಟ್ಟ ಹೊರೋ ಆಟ ಸಹ ಆಡ್ತಾವೆ. "ಅಪಶಕುನ, ನಿಲ್ಸು" ಅಂತ ಬೈಬೇಡಿ. ಅದು ಮಗು ತನ್ನ ತಲೇಲಿರೋದನ್ನ ಹೊರಗೆ ಇಟ್ಟು ನೋಡ್ತಿರೋದು. ಪಕ್ಕದಲ್ಲಿ ಕೂತು "ಆಮೇಲೆ ಎಂತ ಆಯ್ತು, ಯಾರು ಬಂದು ಎತ್ಕೊಂಡ್ರು" ಅಂತ ಕೇಳಿ. ವಾರಗಟ್ಟಲೆ ಒಂದೇ ಆಟ, ಒಂದೇ ಕೊನೆ, ಆಡಿದ ಮೇಲೂ ಮುಖದಲ್ಲಿ ಹೆದ್ರಿಕೆ ಹಾಗೇ ಇದ್ರೆ ಮುಂದೆ ಹೇಳೋದನ್ನ ನೋಡಿ.

ಅಂಗನವಾಡಿ ಟೀಚರ್‌ಗೆ, ಸ್ಕೂಲ್ ಮಿಸ್‌ಗೆ ಮನೇಲಿ ಎಂತ ಆಗಿದೆ ಅಂತ ಎರಡು ಮಾತು ಹೇಳಿ ಕಳಿಸಿ. ಗೊತ್ತಿದ್ರೆ ನಾವು ಬೈಯಲ್ಲ, ಪಕ್ಕದಲ್ಲಿ ಕೂರಿಸ್ಕೊಳ್ತೀವಿ.

9. ಯಾವಾಗ ಡಾಕ್ಟ್ರ ಹತ್ರ ಹೋಗೋದು

ಕಷ್ಟ ಕಳೆದು ಒಂದು ತಿಂಗಳಾದ್ರೂ ಮಗು ಸರಿ ಹೋಗ್ತಿಲ್ಲ, ಇಲ್ಲಾ ದಿನದಿಂದ ದಿನಕ್ಕೆ ಜಾಸ್ತಿನೇ ಆಗ್ತಿದೆ ಅಂದ್ರೆ ಹೋಗಿ. ಮಾತಾಡ್ತಿದ್ದ ಮಗು ಮಾತೇ ಬಿಟ್ರೆ, ಊಟ ಬಿಟ್ಟು ತೂಕ ಇಳಿದ್ರೆ, ತಲೆ ಗೋಡೆಗೆ ಚಚ್ಕೊಂಡು ಗಾಯ ಮಾಡ್ಕೊಂಡ್ರೆ, ದಿನಾ ರಾತ್ರಿ ಕಿರುಚಿ ಎದ್ರೆ ತಿಂಗಳು ಕಾಯಬೇಡಿ. ನೀವು ಬರೆದಿಟ್ಟ ಹಾಳೆ ತಗೊಂಡು ಹೋಗಿ, ಡಾಕ್ಟ್ರಿಗೆ ಅದರಿಂದ ತುಂಬ ಉಪಯೋಗ. ಮಕ್ಳ ಡಾಕ್ಟ್ರಿಂದ ಶುರು ಮಾಡಬಹುದು, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೇಲಿ ಮನೋವೈದ್ಯ ವಿಭಾಗ ಇದೆ, ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರ್ತಾರೆ ಅಂತ ಆಶಾ ಕಾರ್ಯಕರ್ತೆ ಹತ್ರ ಕೇಳಿ. ಬೆಂಗಳೂರಿನ ನಿಮ್ಹಾನ್ಸಲ್ಲಿ ಮಕ್ಳಿಗೆ ಅಂತಲೇ ಬೇರೆ ವಿಭಾಗ ಇದೆ.

ಅಷ್ಟು ದೂರ ಹೋಗೋಕೆ ಆಗಲ್ಲ, ರಸ್ತೆ ಕುಸಿದಿದೆ ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ನಂಬರ್ 14416ಕ್ಕೆ ಕಾಲ್ ಮಾಡಿ, ಹಗಲು ರಾತ್ರಿ ಇರ್ತದೆ, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಮಗುಗೆ ಯಾರಾದ್ರೂ ಹೊಡೀತಿದ್ರೆ, ನೋಡ್ಕೊಳ್ಳೋರು ಯಾರೂ ಇಲ್ಲದೆ ಒಂಟಿ ಆಗಿದ್ರೆ 1098, ಅದು ಮಕ್ಳ ಸಹಾಯವಾಣಿ, ಪಕ್ಕದ ಮನೆಯವ್ರೂ ಮಾಡಬಹುದು. ಮತ್ತೆ 14416 ಬರೀ ಮಗು ವಿಷಯಕ್ಕಲ್ಲ. ನಿಮಗೇ ರಾತ್ರಿ ನಿದ್ರೆ ಇಲ್ಲ, ಮಗು ಅತ್ರೆ ಎತ್ಕೊಳ್ಳೋಕೂ ಮನಸ್ಸಾಗಲ್ಲ, ಎಲ್ಲಾದ್ರೂ ಎದ್ದು ಹೋಗಿಬಿಡಬೇಕು ಅನ್ನಿಸ್ತಿದೆ ಅಂದ್ರೆ ಅದನ್ನೂ ಅಲ್ಲಿ ಹೇಳಿ, ಇವತ್ತೇ ಹೇಳಿ, ಮನೇಲಿ ಮಗುನ ಒಂದು ಗಂಟೆ ಇಟ್ಕೊಳ್ಳೋರು ಯಾರಿದಾರೆ ಅಂತ ನೋಡಿ ಅವ್ರ ಕೈಗೆ ಕೊಟ್ಟು ಆಮೇಲೆ ಕಾಲ್ ಮಾಡಿ.